ಹೊಳ್ಳಿ ಯಾವಾಗ ಹೊಂಟ್ರಿ?

2024ರ ಜೂನ್ 2, ಬೆಳಿಗ್ಗೆ ಏಳರ ಹೊತ್ತು. ಬೆಂಗಳೂರಿನಿಂದ ರಾತ್ರಿಯೆಲ್ಲ ಓಡಿದ ಇನ್ನೋವಾ ಧಾರವಾಡದ ನಮ್ಮ ಓಣಿಯಲ್ಲಿ ಅವ್ವನ ಮನೆ ಮುಂದೆ ನಿಂತಿತು. ಒಂಬತ್ತು ಸೂಟ್‌ಕೇಸು, ಮೂರು ಜನ, ಮೇಲೆ ಜಿಟಿಜಿಟಿ ಮಳೆ. ಹಾಲಿನ ಪಾಕೀಟು ಹಿಡಿದು ಬರುತ್ತಿದ್ದ ಎದುರು ಮನೆಯ ಕಾಕಾ ನಮ್ಮನ್ನು ನೋಡಿ ಓಡಿ ಬಂದು ತಮ್ಮ ಕೊಡೆಯನ್ನು ನನ್ನ ಮಗಳ ತಲೆಯ ಮೇಲೆ ಹಿಡಿದರು.

"ಯಾವಾಗ ಬಂದ್ರೆವಾ?"

"ಈಗ ಬಂದ್ವಿ ಕಾಕಾ."

"ಚೊಲೋ ಆತು. ಹೊಳ್ಳಿ ಯಾವಾಗ ಹೊಂಟ್ರಿ?"

"ಹೋಗೂದಿಲ್ಲ ಕಾಕಾ. ಇಲ್ಲೇ ಇರಾಕ ಬಂದೇವಿ."

ಕಾಕಾ ಒಮ್ಮೆ ಸೂಟ್‌ಕೇಸುಗಳನ್ನು ಎಣಿಸಿದರು, ಒಮ್ಮೆ ನಮ್ಮ ಮನೆಯವರ ಮುಖ ನೋಡಿದರು. ಆಮೇಲೆ ದನಿ ತಗ್ಗಿಸಿ ಕೇಳಿದರು: "ಯಾಕವಾ, ನೌಕರಿ ಹೋತೇನು?"

ಅಂದಿನಿಂದ ಒಂಬತ್ತು ತಿಂಗಳು ಈ ಮೂರು ಪ್ರಶ್ನೆಗಳಿಗೆ ಇದೇ ಕ್ರಮದಲ್ಲಿ ಉತ್ತರ ಕೊಟ್ಟಿದ್ದೇನೆ. ಆಟೊದವರಿಗೆ, ಹೂವಿನವ್ವನಿಗೆ, ಹಲ್ಲಿನ ಡಾಕ್ಟರಿಗೆ, ಬ್ಯಾಂಕಿನ ಕೌಂಟರಿನಲ್ಲಿ, ಮದುವೆ ಮನೆಯ ಊಟದ ಪಂಕ್ತಿಯಲ್ಲಿ. ಕೇಳಿದವರ ತಪ್ಪೇನೂ ಇಲ್ಲ. ಅಮೆರಿಕದಿಂದ ಬಂದವರು ಮೂರು ವಾರ ಇದ್ದು ಉಪ್ಪಿನಕಾಯಿ, ಚಟ್ನಿಪುಡಿ ಕಟ್ಟಿಸಿಕೊಂಡು ಹೋಗುವುದನ್ನೇ ಊರು ನೋಡಿದೆ. ಜನರಂತೆಯೇ ಕಾಗದಗಳೂ ನಮ್ಮನ್ನು ನಂಬಲಿಲ್ಲ. ಅವನ್ನು ನಂಬಿಸಲು ಏನೇನು ಬೇಕಾಯಿತು ಎಂದು ನೆನಪು ಹಸಿಯಾಗಿರುವಾಗಲೇ ಬರೆದಿಡುತ್ತಿದ್ದೇನೆ. ಇದೇ ದಾರಿಯಲ್ಲಿ ಬರುವವರಿಗೆ ನಾಲ್ಕು ದಿನ ಉಳಿದರೂ ಸಾಕು.

ನಾವು ಒಹಾಯೊದ ಕೊಲಂಬಸ್‌ನಲ್ಲಿ 13 ವರ್ಷ ಇದ್ದೆವು. ಮಗಳು ಹುಟ್ಟಿದ್ದು ಅಲ್ಲೇ, 2015ರಲ್ಲಿ. ಅಲ್ಲಿ ಕಾಯಂ ಆಗಿ ಇರಲು ಬೇಕಾದ ಗ್ರೀನ್ ಕಾರ್ಡಿನ ಸಾಲಿನಲ್ಲಿ ನಮ್ಮ ಸರದಿಯೂ 2015ರದು. ನಾವು ಹೊರಡುವ ಹೊತ್ತಿಗೆ ನಮ್ಮ ವರ್ಗದ ಭಾರತೀಯರಲ್ಲಿ 2012ರವರ ಸರದಿ ನಡೆದಿತ್ತು. ಅಪ್ಪ ಹೋದ ಮೇಲೆ ಅವ್ವ ಒಬ್ಬಳೇ ಇದ್ದಳು. ಒಮ್ಮೆ ಬಚ್ಚಲಲ್ಲಿ ಜಾರಿ ಬಿದ್ದು ಕೈ ಮುರಿದುಕೊಂಡಾಗ ಅದನ್ನು ನಮಗೆ ಹನ್ನೊಂದು ದಿನ ಹೇಳಿರಲಿಲ್ಲ. "ನೀವು ಗಾಬರಿ ಆಗ್ತೀರಿ ಅಂತ" ಎಂದಳು. ಅವತ್ತೇ ರಾತ್ರಿ ನಾವಿಬ್ಬರೂ ತೀರ್ಮಾನ ಮಾಡಿದೆವು.

ಹೊರಡುವ ಮುನ್ನ ಅಲ್ಲಿ ಮಾಡಿಕೊಂಡ ಕೆಲಸಗಳಲ್ಲಿ ನಿಜಕ್ಕೂ ಉಪಯೋಗಕ್ಕೆ ಬಂದದ್ದು ಮೂರು. ಮಗಳ ಜನನ ಪ್ರಮಾಣಪತ್ರಕ್ಕೆ ಅಲ್ಲಿಯ ರಾಜ್ಯ ಸರ್ಕಾರದಿಂದ ಅಪಾಸ್ಟಿಲ್ ಮುದ್ರೆ, ಅಂದರೆ ಕಾಗದ ಅಸಲಿ ಎಂದು ಬೇರೆ ದೇಶದವರೂ ಒಪ್ಪುವಂಥ ಮುದ್ರೆ, ಹಾಕಿಸಿದ್ದು ಮೊದಲನೆಯದು. ಇಲ್ಲಿಗೆ ಬಂದ ಮೇಲೆ ಅದನ್ನು ಕೊರಿಯರ್‌ನಲ್ಲಿ ಮಾಡಿಸುವವರ ಪಾಡು ನೋಡಿದ್ದೇನೆ, ವಾರಗಟ್ಟಲೆ ಕಾಯಬೇಕು. ಎರಡನೆಯದು ಶಾಲೆಯ ಪತ್ರ. ಅಮೆರಿಕದ ಶಾಲೆಗಳಲ್ಲಿ ನಮ್ಮ ಟಿ.ಸಿ.ಯಂಥ ಕಾಗದವೇ ಇಲ್ಲ. "ಈ ಹುಡುಗಿ ಮೂರನೇ ತರಗತಿ ಮುಗಿಸಿ ಶಾಲೆ ಬಿಟ್ಟಿದ್ದಾಳೆ" ಎಂದು ಲೆಟರ್‌ಹೆಡ್ ಮೇಲೆ ಬರೆಸಿ, ಪ್ರಿನ್ಸಿಪಾಲರ ಸಹಿ, ಶಾಲೆಯ ಮೊಹರು ಹಾಕಿಸಿ ತಂದಿದ್ದೆ. ಇಲ್ಲಿ ಅದೇ ಟಿ.ಸಿ. ಆಯಿತು. ಲಸಿಕೆಯ ಪಟ್ಟಿಯನ್ನೂ ಮರೆಯಬೇಡಿ. ಮೂರನೆಯದು ಆರೋಗ್ಯ ವಿಮೆ. ಮೊದಲಿನಿಂದ ಇರುವ ಕಾಯಿಲೆಗಳಿಗೆ ಇಲ್ಲಿಯ ಪಾಲಿಸಿಗಳಲ್ಲಿ ಮೂರು ವರ್ಷದವರೆಗೂ ಕಾಯಬೇಕಾಗುತ್ತದೆ. ಹಾಗಾಗಿ ಬರುವ ಮೊದಲೇ ವಿಚಾರಿಸಿ, ಬಂದ ವಾರವೇ ತೆಗೆದುಕೊಂಡೆವು.

ಮಾಡಬೇಕಾಗಿದ್ದೂ ಮಾಡದೆ ಬಂದದ್ದು ಒಂದು. ಅದರ ಕಥೆ ಮುಂದೆ ಬರುತ್ತದೆ.

ಮೊದಲ ವಾರ ಊರು ಮುದ್ದು ಮಾಡಿತು. ಲೈನ್ ಬಜಾರಿನ ಪೇಢೆ, ಸಂಜೆ ಗಿರಮಿಟ್ ಮತ್ತು ಮಿರ್ಚಿ, ದಿನಕ್ಕೆ ನಾಲ್ಕು ಸಲ ಚಹಾ. ಮಗಳು ಅಜ್ಜಿ ತಟ್ಟೆಗೆ ರೊಟ್ಟಿ ಹಾಕಿದಾಗಲೆಲ್ಲ "ಥ್ಯಾಂಕ್ಯೂ" ಅನ್ನುತ್ತಿದ್ದಳು. ನಾಲ್ಕನೇ ಸಲಕ್ಕೆ ಅವ್ವ ಲಟ್ಟಣಿಗೆ ಕೆಳಗಿಟ್ಟು, "ಮನ್ಯಾಗ ಯಾರಿಗೆ ಥ್ಯಾಂಕ್ಸ್ ಹೇಳ್ತಿ ಹುಚ್ಚಿ? ಇನ್ನೊಂದ ಹಾಕು ಅನ್ನು, ಅದ ನನಗ ಥ್ಯಾಂಕ್ಸ್" ಎಂದಳು. ಅಂದು ಮಗಳು ಮೂರು ರೊಟ್ಟಿ ತಿಂದಳು.

ಓಣಿಯ ತುದಿಯ ಕಿರಾಣಿ ಅಂಗಡಿಗೆ ಹೋಗಿ ಎರಡು ಕಿಲೋ ತೊಗರಿಬೇಳೆ ಕೇಳಿದೆ. ಅಂಗಡಿಯವರು ನನ್ನನ್ನು ಹುಡುಗಿಯಾಗಿದ್ದಾಗಿನಿಂದ ಬಲ್ಲವರು. ತಕ್ಕಡಿಗೆ ಅರ್ಧ ಕಿಲೋ ಹಾಕಿ, "ಇಷ್ಟ ಸಾಕಲ್ರಿ, ನೀವು ಹ್ವಾದ ಮ್ಯಾಲೆ ಅವ್ವಾರ ಒಬ್ಬರಿಗೆ ಹುಳಾ ಹಿಡೀತೈತಿ" ಎಂದರು. ನಾನು ಏನೂ ಹೇಳಲಿಲ್ಲ, ಅರ್ಧ ಕಿಲೋ ತಂದೆ. ಕೊಡಲು ಹೋದರೆ ನನ್ನ ಕೈಯಲ್ಲಿ ಐನೂರರ ನೋಟು. "ಚಿಲ್ಲರ ಇಲ್ರಿ, ಸ್ಕ್ಯಾನ್ ಮಾಡ್ರಿ." ಕೊತ್ತಂಬರಿ ಮಾರುವ ಅಜ್ಜಿಯ ಬುಟ್ಟಿಯ ಮೇಲೂ ಕ್ಯೂಆರ್ ಕೋಡ್. ಹತ್ತು ರೂಪಾಯಿ ಬಂದರೆ ಪೆಟ್ಟಿಗೆ ಮಾತಾಡುತ್ತದೆ. 2011ರಲ್ಲಿ ನಾನು ಬಿಟ್ಟು ಹೋದ ಊರಿನಲ್ಲಿ ಬಾಡಿಗೆ ಕಟ್ಟಲು ಬ್ಯಾಂಕಿಗೆ ಹೋಗಬೇಕಾಗಿತ್ತು.

ಆ ಪೆಟ್ಟಿಗೆ ನನ್ನ ಹೆಸರಿನಲ್ಲಿ ಮಾತಾಡಬೇಕಾದರೆ ಯುಪಿಐ ಬೇಕು. ಯುಪಿಐಗೆ ಬ್ಯಾಂಕಿನಲ್ಲಿ ನಮೂದಾದ ಮೊಬೈಲ್ ನಂಬರು ಬೇಕು. ಆ ನಂಬರು ಬದಲಿಸಲು ಆಧಾರ್ ಬೇಕು. ಆಧಾರಿಗೆ ಒಟಿಪಿ ಬೇಕು. ಒಟಿಪಿ ಹೋಗುವುದು ನಾನು ಎಂದೋ ಬಿಟ್ಟುಕೊಟ್ಟ ಹಳೆಯ ನಂಬರಿಗೆ. ಇಡೀ ಒಂಬತ್ತು ತಿಂಗಳ ಗಂಟಿನ ಎಳೆ ಇದು. ನೀವು ಒಂದೇ ಒಂದು ಕೆಲಸ ಮಾಡುವುದಾದರೆ ಇದನ್ನು ಮಾಡಿ: ವಿದೇಶಕ್ಕೆ ಹೋಗುವಾಗ ಭಾರತದ ಸಿಮ್ ಬಿಡಬೇಡಿ. ರಜೆಗೆ ಬಂದಾಗ ಚಾಲ್ತಿಯಲ್ಲಿಟ್ಟು, ಹೋದ ಮೇಲೂ ಕಡಿಮೆ ಹಣದ ರೀಚಾರ್ಜ್ ಹಾಕಿಸುತ್ತಿರಿ. ಮೂರು ತಿಂಗಳು ಬಳಸದಿದ್ದರೆ ನಂಬರು ಇನ್ನೊಬ್ಬರ ಪಾಲಾಗಬಹುದು.

ನನ್ನದು ಆಗಿತ್ತು. ಏನಾದರಾಗಲಿ ಎಂದು ಆ ನಂಬರಿಗೆ ಫೋನ್ ಮಾಡಿದೆ. ಗದಗ ಕಡೆಯ ಒಬ್ಬ ರೈತರು ಎತ್ತಿದರು.

"ಈ ನಂಬರ್ ಮೊದಲ ನಂದಿತ್ರಿ ಅಣ್ಣಾರ."

"ಓಹೋ! ಹಂಗಾರ ನೀವ ಏನ್ರಿ ಅಕ್ಕಾರ! ನಾಕ ವರ್ಷದಿಂದ ನಿಮ್ಮ ಬ್ಯಾಂಕಿನವರು ನನಗ ಹುಟ್ಟಹಬ್ಬದ ಶುಭಾಶಯ ಕಳಸಾಕತ್ತಾರ. ನನ್ನ ಹುಟ್ಟಿದ ತಾರೀಖ ಬ್ಯಾರೇನ ಐತ್ರಿ. ಮನ್ಯಾಗ ಹುಡುಗರು ನಗತಾವು."

ಅವರಿಗೆ ನನ್ನ ಹುಟ್ಟುಹಬ್ಬ ಗೊತ್ತು, ನನ್ನ ಖಾತೆಯಲ್ಲಿ ಕನಿಷ್ಠ ಹಣ ಇಲ್ಲ ಎಂಬುದೂ ಗೊತ್ತು. "ರೊಕ್ಕ ಹಾಕ್ರಿ ಅಕ್ಕಾರ, ದಂಡ ಹಿಡಿಯಾಕತ್ತಾರ" ಎಂದು ಕಾಳಜಿಯಿಂದ ಹೇಳಿದರು. ಒಟಿಪಿ ಬಂದರೆ ಹೇಳುತ್ತೇನೆ ಅಂದರು. ನಾನು ಬೇಡವೆಂದೆ. ಅವರ ಮೇಲೆ ಅಪನಂಬಿಕೆ ಇರಲಿಲ್ಲ, ಒಟಿಪಿಯನ್ನು ಫೋನಿನಲ್ಲಿ ಹೇಳಿಸಿಕೊಳ್ಳುವ ರೂಢಿಯೇ ಬೇಡ ಅನ್ನಿಸಿತು. ದೀಪಾವಳಿಗೆ ಅವರಿಂದ ಶುಭಾಶಯ ಬಂತು. ನಾನೂ ಕಳಿಸಿದೆ.

ಆಧಾರಿಗೆ ಹೊಸ ನಂಬರು ಸೇರಿಸುವುದು ಆಗ ಆನ್‌ಲೈನಿನಲ್ಲಿ ಆಗುತ್ತಿರಲಿಲ್ಲ, ನಾನು ಕೇಂದ್ರಕ್ಕೇ ಹೋಗಿ ಬೆರಳು ಒತ್ತಬೇಕಾಯಿತು. ಬೆಳಿಗ್ಗೆ ಎಂಟಕ್ಕೆ ಹೋದರೆ ಚೀಟಿ ಸಿಗುತ್ತಿತ್ತು, ಹತ್ತಕ್ಕೆ ಹೋದರೆ ನಾಳೆ ಬನ್ನಿ. ಮೊದಲ ದಿನ ನಾನು ಹತ್ತಕ್ಕೆ ಹೋಗಿದ್ದೆ. ಎರಡನೇ ದಿನ ಮಗಳೂ ಬಂದಿದ್ದಳು. ಅವಳು ಕಲಿತಂತೆ ಮುಂದಿನವರಿಂದ ಒಂದು ಮೊಳ ದೂರ ಬಿಟ್ಟು ನಿಂತಳು. ಆ ಒಂದು ಮೊಳದಲ್ಲಿ ನಾಲ್ಕು ಜನ ಬಂದು ನಿಂತರು. ಐದನೆಯವರಾಗಿ ಬಂದ ಮುದುಕಿಯೊಬ್ಬರು, "ಕೂಸ, ಪಾಳೇದಾಗ ಅದಿ ಏನು, ಸುಮ್ಮ ನಿಂತಿ?" ಎಂದು ಕೇಳಿ, ಇವಳ ಎರಡೂ ಹೆಗಲು ಹಿಡಿದು ಮುಂದಿನವರ ಬೆನ್ನಿಗೆ ತಾಗುವಂತೆ ನಿಲ್ಲಿಸಿದರು. ಆಗ ಶುಲ್ಕ 50 ರೂಪಾಯಿ ಇತ್ತು. ಆರು ದಿನಕ್ಕೆ ನಂಬರು ಬದಲಾಯಿತು. ರಸೀದಿ ಮೇಲಿನ ಸಂಖ್ಯೆಯನ್ನು ಫೋಟೊ ತೆಗೆದಿಟ್ಟುಕೊಳ್ಳಿ, ಅಕ್ಷರ ಬೇಗ ಮಾಸಿ ಹೋಗುತ್ತದೆ.

ಬ್ಯಾಂಕಿಗೆ ಹೋದದ್ದು ಜೂನ್ ಕೊನೆಯ ವಾರ. ಇಲ್ಲಿಯೇ ನೆಲೆಸಲು ಬಂದವರು ಅನಿವಾಸಿಗಳ ಎನ್‌ಆರ್‌ಇ ಖಾತೆಯನ್ನು ಹಾಗೇ ಇಟ್ಟುಕೊಳ್ಳುವಂತಿಲ್ಲ, ನಿವಾಸಿ ಖಾತೆಯಾಗಿ ಬದಲಿಸಬೇಕು. 182 ದಿನ ಆದ ಮೇಲೆ ಬದಲಿಸಿದರೆ ಸಾಕು ಎಂದು ಬಹಳ ಜನ ತಿಳಿದಿದ್ದಾರೆ. ಆ ಎಣಿಕೆ ಆದಾಯ ತೆರಿಗೆಗೆ ಸಂಬಂಧಿಸಿದ್ದು, ಖಾತೆಯ ವಿಷಯದಲ್ಲಿ ನೆಲೆಸುವ ಉದ್ದೇಶದಿಂದ ಬಂದದ್ದೇ ಲೆಕ್ಕ. ಅನಿವಾಸಿಗಳು ವಿದೇಶಿ ಹಣದಲ್ಲೇ ಇಡುವ ಎಫ್‌ಸಿಎನ್‌ಆರ್ ಠೇವಣಿ ಇದ್ದರೆ ಅವಧಿ ಮುಗಿಯುವವರೆಗೆ ಇಟ್ಟುಕೊಳ್ಳಬಹುದು. ಡಾಲರನ್ನು ಡಾಲರಾಗಿಯೇ ಇಡಲು ಆರ್‌ಎಫ್‌ಸಿ ಎಂಬ ಖಾತೆ ಇದೆ. ಕೌಂಟರಿನವರಿಗೆ ಅದು ಗೊತ್ತಿಲ್ಲದಿದ್ದರೆ ಮ್ಯಾನೇಜರರನ್ನು ಕೇಳಿ.

ಅರ್ಜಿ, ಪಾಸ್‌ಪೋರ್ಟ್, ಅದರಲ್ಲಿಯ ಆಗಮನದ ಮುದ್ರೆಯ ಪುಟ, ಪ್ಯಾನ್, ಆಧಾರ್, ಎರಡು ಫೋಟೊ, ಪ್ರತಿ ಪ್ರತಿಯ ಮೇಲೂ ಸಹಿ. ಎಲ್ಲ ಕೊಟ್ಟು ಬಂದೆ. ನಾಲ್ಕನೇ ದಿನ ಫೋನ್: "ಮೇಡಂ, ಸಹಿ ಹೊಂದತಿಲ್ಲ." ಮತ್ತೆ ಹೋದೆ, ಮತ್ತೆ ಸಹಿ ಹಾಕಿದೆ, ಮತ್ತೆ ಹೊಂದಲಿಲ್ಲ. ಮೂರನೇ ಸಲ ಹೋದಾಗ ಒಳಗಿನ ಅಧಿಕಾರಿ, ನನ್ನ ವಯಸ್ಸಿನವರೇ, ಮುಖದಲ್ಲಿ ಬೇಸರ ಕಂಡಿರಬೇಕು, ಕಂಪ್ಯೂಟರಿನ ಪರದೆಯನ್ನು ನನ್ನ ಕಡೆಗೆ ತಿರುಗಿಸಿದರು.

ಪರದೆಯ ಮೇಲೆ ಕನ್ನಡದ ಸಹಿ. ಆ ಬ್ಯಾಂಕಿನಲ್ಲಿ ನಾನು ಮೊದಲ ಖಾತೆ ತೆರೆದದ್ದು 2004ರಲ್ಲಿ, ಬಿ.ಎಸ್ಸಿ. ಎರಡನೇ ವರ್ಷದಲ್ಲಿದ್ದಾಗ, ಸ್ಕಾಲರ್‌ಶಿಪ್ಪಿಗೆಂದು. ಅಪ್ಪ ಜೊತೆಗೆ ಬಂದಿದ್ದರು. ಅವರು ಕನ್ನಡ ಸಾಲೆ ಮಾಸ್ತರು. "ಕನ್ನಡದಾಗ ಮಾಡು, ನಕಲ್ ಮಾಡಾಕ ಬರೂದಿಲ್ಲ" ಎಂದು ಹೇಳಿ ಮಾಡಿಸಿದ್ದರು. ನನ್ನ ಹೆಸರಿನ ಮುಂದೆ ಅವರ ಹೆಸರಿನ ಮೊದಲಕ್ಷರ, ಒತ್ತಕ್ಷರದ ಬಾಲವನ್ನು ಎಳೆದು ಇಡೀ ಹೆಸರಿನ ಕೆಳಗೆ ಗೆರೆಯಾಗಿ ಒಯ್ದು, ಕೊನೆಗೆ ಎರಡು ಚುಕ್ಕೆ. ಆ ಎರಡು ಚುಕ್ಕೆ ಯಾಕೆ ಇಟ್ಟಿದ್ದೆನೋ ನೆನಪಿಲ್ಲ. ಅಮೆರಿಕದಲ್ಲಿ ಹದಿಮೂರು ವರ್ಷ ನಾನು ಹಾಕಿದ್ದು ಇಂಗ್ಲಿಷಿನ ಒಂದು ಗೀಚು. ಇಂಥದೊಂದು ಸಹಿ ನನಗಿತ್ತು ಎಂಬುದೇ ಮರೆತು ಹೋಗಿತ್ತು.

ಅಧಿಕಾರಿ ಒಂದು ಖಾಲಿ ಹಾಳೆ, ಪೆನ್ನು ಕೊಟ್ಟರು. "ಸಾವಕಾಶ ಮಾಡ್ರಿ, ಅವಸರ ಇಲ್ಲ." ಮೊದಲ ಹತ್ತು ಸಲ ಒತ್ತಕ್ಷರವೇ ತಿರುಗಲಿಲ್ಲ. ಇಪ್ಪತ್ತರ ಹೊತ್ತಿಗೆ ಗೆರೆ ಬಂತು. ಅಪ್ಪನ ಅಕ್ಷರ ಬರೆಯುವಾಗ ಪ್ರತಿ ಸಲ ಕೈ ಒಂದು ಕ್ಷಣ ನಿಲ್ಲುತ್ತಿತ್ತು. ಆಮೇಲೆ ಅರ್ಜಿಯ ಮೇಲೆ ಹಾಕಿದೆ, ಕೊನೆಗೆ ಎರಡು ಚುಕ್ಕೆ ಇಟ್ಟೆ. ಅವರು ಪರದೆ ನೋಡಿದರು, ಹಾಳೆ ನೋಡಿದರು, ಮೊಹರು ಹೊಡೆದರು. ಹೊರಗೆ ಬಂದು ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ಕೂತು ಅತ್ತೆ. ಈಗ ಎಲ್ಲ ಕಡೆಗೂ ಅದೇ ಸಹಿ ಹಾಕುತ್ತೇನೆ. ಹೊಸ ಸಹಿಗೆ ಬದಲಿಸಿಕೊಳ್ಳಬೇಕೆನ್ನುವವರಿಗೆ ಅದಕ್ಕೂ ಬೇರೆ ಅರ್ಜಿ ಇರುತ್ತದೆ, ಮೊದಲ ದಿನವೇ ಕೇಳಿ ಪಡೆಯಿರಿ.

ಸಹಿ ಮುಗಿದ ಮೇಲೆ ಹೆಸರು. ನಮ್ಮ ಕಡೆ ಹೆಸರು ಎಂದರೆ ತನ್ನ ಹೆಸರು, ಅಪ್ಪನ ಹೆಸರು, ಮನೆತನದ ಹೆಸರು. ಮದುವೆಯಾದ ಹೆಣ್ಣುಮಕ್ಕಳಿಗೆ ಅದರಲ್ಲಿ ಎರಡು ಬದಲಾಗುತ್ತವೆ, ಅದೂ ಎಲ್ಲ ಕಾಗದದಲ್ಲಿ ಒಟ್ಟಿಗೆ ಬದಲಾಗುವುದಿಲ್ಲ. ನನ್ನ ಮಾರ್ಕ್ಸ್ ಕಾರ್ಡಿನಲ್ಲಿ ಇನಿಷಿಯಲ್, ಪ್ಯಾನ್‌ನಲ್ಲಿ ಅಪ್ಪನ ಪೂರ್ತಿ ಹೆಸರು, ಆಧಾರದಲ್ಲಿ ತವರಿನ ಮನೆತನ, ಪಾಸ್‌ಪೋರ್ಟಿನಲ್ಲಿ ರಾಣೆಬೆನ್ನೂರಿನ ಗಂಡನ ಮನೆತನ. ನಾಲ್ಕು ಕಾಗದ, ನಾಲ್ಕು ಹೆಂಗಸರು. ಪ್ಯಾನ್ ಮತ್ತು ಆಧಾರ್ ಜೋಡಿಸುವ ಗಡುವು 2023ರ ಜೂನ್ 30ಕ್ಕೆ ಮುಗಿದಿತ್ತು. ಅನಿವಾಸಿಗಳಿಗೆ ವಿನಾಯಿತಿ ಇದೆ, ಆದರೆ ಅನಿವಾಸಿ ಎಂದು ಇಲಾಖೆಗೆ ತಿಳಿಸಿರಬೇಕು. ನಾವು ತಿಳಿಸಿರಲಿಲ್ಲ. ಹಾಗಾಗಿ ಇಬ್ಬರ ಪ್ಯಾನ್ ಕೂಡ ನಿಷ್ಕ್ರಿಯ. ತಲಾ ಸಾವಿರ ರೂಪಾಯಿ ಕಟ್ಟಿ ಜೋಡಿಸಲು ಹೋದರೆ ನನ್ನದು ಹೆಸರು ಹೊಂದುವುದಿಲ್ಲ ಎಂದು ತಿರುಗಿ ಬಂತು.

ಯಾವುದನ್ನು ಮೊದಲು ಸರಿಪಡಿಸಬೇಕು ಎಂಬ ತೀರ್ಮಾನಕ್ಕೇ ಎರಡು ವಾರ ಹೋಯಿತು. ನಾನು ಕಂಡುಕೊಂಡ ದಾರಿ ಇದು: ಪಾಸ್‌ಪೋರ್ಟಿನ ಹೆಸರನ್ನೇ ಮೂಲ ಎಂದು ಹಿಡಿದು, ಮದುವೆ ನೋಂದಣಿ ಪ್ರಮಾಣಪತ್ರ ಕೊಟ್ಟು ಮೊದಲು ಆಧಾರ್, ಆಮೇಲೆ ಪ್ಯಾನ್, ಕೊನೆಗೆ ಬ್ಯಾಂಕು ಸರಿ ಮಾಡಿಸುವುದು. ಆಧಾರದಲ್ಲಿ ಹೆಸರು ಬದಲಿಸಲು ಅವಕಾಶ ಜೀವನದಲ್ಲಿ ಎರಡೇ ಸಲ, ಆದ್ದರಿಂದ ಅಕ್ಷರ ಅಕ್ಷರ ನೋಡಿ ಒಪ್ಪಿಗೆ ಕೊಡಿ. ನಡುವಿನ ಕಾಲಕ್ಕೆ ನೂರು ರೂಪಾಯಿಯ ಇ-ಸ್ಟಾಂಪ್ ಕಾಗದದ ಮೇಲೆ "ಈ ನಾಲ್ಕೂ ಹೆಸರಿನ ವ್ಯಕ್ತಿ ನಾನೊಬ್ಬಳೇ" ಎಂದು ಅಫಿಡವಿಟ್ ಮಾಡಿಸಿ ನೋಟರಿ ಹಾಕಿಸಿದೆ. ಕೋರ್ಟ್ ಸರ್ಕಲ್ ಹತ್ತಿರ ಅದನ್ನು ಟೈಪ್ ಮಾಡಿದವರು ಓದಿ ಹೇಳಿ, "ಬಾಯಾರ, ಈಗ ನೀವು ಒಬ್ಬರಾದ್ರಿ" ಎಂದರು. ಅದರ ಹತ್ತು ಪ್ರತಿ ಮಾಡಿಸಿದ್ದೆ, ಒಂಬತ್ತು ಖರ್ಚಾದವು.

ಮನೆಯ ಸಾಮಾನಿನ ಕಥೆ ದೊಡ್ಡದು. 38 ಡಬ್ಬಿಗಳನ್ನು ಮೇ ಕೊನೆಗೆ ಹಡಗಿಗೆ ಹಾಕಿಸಿದ್ದೆವು. ಎರಡು ವರ್ಷಕ್ಕಿಂತ ಹೆಚ್ಚು ಹೊರಗಿದ್ದು ಮರಳುವವರಿಗೆ ವಾಸಸ್ಥಳ ಬದಲಾವಣೆಯ ಸೌಲಭ್ಯ ಇದೆ. ನಾವು ಬಂದಾಗ ಜಾರಿಯಲ್ಲಿದ್ದ 2016ರ ನಿಯಮದಂತೆ ಬಳಸಿದ ಮನೆ ಸಾಮಾನಿಗೆ 5 ಲಕ್ಷ ರೂಪಾಯಿವರೆಗೆ ಸುಂಕ ಇರಲಿಲ್ಲ. ಟಿ.ವಿ.ಗೆ ಮತ್ತು ದೊಡ್ಡ ಫ್ರಿಜ್ಜಿಗೆ ಆ ವಿನಾಯಿತಿ ಇರಲಿಲ್ಲ, ಅವನ್ನು ಅಲ್ಲೇ ಕೊಟ್ಟು ಬಂದೆವು. ಸಾಮಾನು ನಮಗಿಂತ ಎರಡು ತಿಂಗಳ ಒಳಗೆ ಮೊದಲೇ ತಲುಪಬಹುದಿತ್ತು, ಇಲ್ಲವೆ ನಾವು ಬಂದ ಒಂದು ತಿಂಗಳೊಳಗೆ ಅಲ್ಲಿಂದ ಹೊರಟಿರಬೇಕಿತ್ತು. ಮೊತ್ತಗಳು ಆಗಾಗ ಬದಲಾಗುತ್ತವೆ, ನೀವು ಹೊರಡುವ ತಿಂಗಳಲ್ಲಿ ಯಾವ ನಿಯಮ ಇದೆ ಎಂದು ಕಸ್ಟಮ್ಸ್ ಜಾಲತಾಣದಲ್ಲಿ ನೋಡಿಕೊಳ್ಳಿ.

ನಮಗೆ ಪೆಟ್ಟು ಬಿದ್ದದ್ದು ಸುಂಕದಿಂದಲ್ಲ. ಅಲ್ಲಿಯ ಕಂಪನಿಗೆ 2,900 ಡಾಲರ್ ಕೊಟ್ಟಾಗ ಎಲ್ಲ ಮುಗಿಯಿತು ಎಂದುಕೊಂಡಿದ್ದೆವು. ಅದು ಬಂದರಿನವರೆಗಿನ ದರ. ಇಳಿಸುವ ಖರ್ಚು, ಕಾಗದ ಬಿಡಿಸುವ ಖರ್ಚು, ಗೋದಾಮಿನ ದಿನಬಾಡಿಗೆ, ಏಜೆಂಟರ ಕೂಲಿ, ಲಾರಿ ಸೇರಿ ಇಲ್ಲಿ ಮತ್ತೆ 1 ಲಕ್ಷ 12 ಸಾವಿರ ರೂಪಾಯಿ ಆಯಿತು. ದರ ಕೇಳುವಾಗ "ಮನೆ ಬಾಗಿಲಿಗೆ, ಇಲ್ಲಿಯ ಎಲ್ಲ ಖರ್ಚೂ ಸೇರಿ" ಎಂದು ಬರಹದಲ್ಲಿ ತೆಗೆದುಕೊಳ್ಳಿ. ಸರಕಿನ ಕಾಗದದ ಮೇಲಿನ ಹೆಸರು ಪಾಸ್‌ಪೋರ್ಟಿನಲ್ಲಿ ಇದ್ದಂತೆಯೇ ಇರಬೇಕು. ನಮ್ಮ ಮನೆಯವರ ಹೆಸರನ್ನು ಅಲ್ಲಿ ಯಾರೋ ಮೊಟಕು ಮಾಡಿದ್ದರು. ಅದನ್ನು ತಿದ್ದಿಸುವಷ್ಟರಲ್ಲಿ ಐದು ದಿನದ ದಿನಬಾಡಿಗೆ ಏರಿತ್ತು.

ಆಗಸ್ಟ್ ಎರಡನೇ ವಾರ ಬೆಂಗಳೂರಿನ ಕಂಟೇನರ್ ಡಿಪೊದಲ್ಲಿ ತಪಾಸಣೆ. ಮೂಲ ಪಾಸ್‌ಪೋರ್ಟ್ ಹಿಡಿದು ನಾವೇ ಹೋಗಿ ನಿಂತೆವು. ಅಧಿಕಾರಿ ಪಟ್ಟಿಯ ಮೇಲೆ ಬೆರಳಾಡಿಸಿ "ಕಬ್ಬಿಣದ ತಟ್ಟೆ, ಹಳೆಯದು, ಒಂದು" ಎಂದಿದ್ದ ಡಬ್ಬಿ ತೆಗೆಸಿದರು. ಪತ್ರಿಕೆಗಳಲ್ಲಿ ಸುತ್ತಿದ್ದು ಹೊರಬಂತು. ರೊಟ್ಟಿ ಹಂಚು.

"ಮೇಡಂ, ಹಂಚನ್ನ ಅಮೆರಿಕದಿಂದ ತಂದ್ರಾ?"

"ಇಲ್ಲ ಸರ್. ಧಾರವಾಡದಿಂದ ಒಯ್ದದ್ದು."

ಅವರು ಅದನ್ನು ಎತ್ತಿ ಹಿಂದೆ ಮುಂದೆ ನೋಡಿದರು. "ನಮ್ಮ ಅಮ್ಮನ ಹತ್ರಾನೂ ಇಂಥದ್ದೇ ಇತ್ತು" ಎಂದು ಹೇಳಿ ತಾವೇ ಮತ್ತೆ ಪತ್ರಿಕೆಯಲ್ಲಿ ಸುತ್ತಿ ಇಟ್ಟರು. ಉಳಿದ ಡಬ್ಬಿಗಳನ್ನು ತೆಗೆಸಲಿಲ್ಲ.

ಲಾರಿ ನಮ್ಮ ಓಣಿಗೆ ನುಗ್ಗಲಿಲ್ಲ. ಮುಖ್ಯ ರಸ್ತೆಯಲ್ಲಿ ನಿಲ್ಲಿಸಿ ಟಾಟಾ ಏಸ್‌ನಲ್ಲಿ ನಾಲ್ಕು ಖೇಪು ಹೊಡೆಯಬೇಕಾಯಿತು. ಓಣಿಯ ಮಕ್ಕಳೆಲ್ಲ ಹಿಂದೆ ಓಡಿದವು. ಅಮೆರಿಕದ ಡಬ್ಬಿಯಿಂದ ಏನು ಬರುತ್ತದೋ ಎಂದು ಪಕ್ಕದ ಮನೆಯವರೂ ಬಂದು ಕಟ್ಟೆಯ ಮೇಲೆ ಕೂತರು. ಅವ್ವ ಒಂದೊಂದಾಗಿ ಬಿಚ್ಚಿದಳು. ಮೊದಲ ಡಬ್ಬಿಯಲ್ಲಿ ಸ್ಟೀಲಿನ ಮಸಾಲೆ ಡಬ್ಬಿ. "ಇದು ನಾನ ಕೊಟ್ಟದ್ದಲ್ಲ?" ಎರಡನೆಯದರಲ್ಲಿ ಇಳಕಲ್ ಸೀರೆ, ಕೌದಿ. "ಇವೂ ನಾನ ಕೊಟ್ಟದ್ದು." ಮೂರನೆಯದರಲ್ಲಿ ಹಂಚು. ಪಕ್ಕದ ಮನೆಯ ಚಿಗವ್ವ ಕೇಳಿಯೇ ಬಿಟ್ಟರು: "ಅಮೇರಿಕಾದ್ದು ಯಾವ ಡಬ್ಬ್ಯಾಗ ಐತಿ?" ಅಮೆರಿಕದ್ದೆಂದರೆ ಮಗಳ ಪುಸ್ತಕ, ಅವಳ ಸೈಕಲ್ಲು ಮತ್ತು ಒಂದು ಅನ್ನದ ಕುಕ್ಕರು. ಕುಕ್ಕರು ಅಲ್ಲಿಯ 120 ವೋಲ್ಟಿನದು, ಇಲ್ಲಿಯ 230ಕ್ಕೆ ಹಚ್ಚಿದ ಕೂಡಲೇ ಸುಟ್ಟಿತು. ಬಿಸಿ ಮಾಡುವ, ಮೋಟರ್ ಇರುವ ಯಾವುದನ್ನೂ ತರಬೇಡಿ. ಹಂಚು ಮಾತ್ರ ಎರಡು ಸಲ ಸಮುದ್ರ ದಾಟಿಯೂ ನೆಟ್ಟಗಿದೆ. ಅವ್ವ ಅದಕ್ಕೆ ಎಣ್ಣೆ ಸವರಿ ಅಂದು ರಾತ್ರಿಯೇ ಒಲೆಗೇರಿಸಿದಳು.

ಇನ್ನು ಮಾಡದೆ ಬಂದ ಕೆಲಸ: ನನ್ನ ಡ್ರೈವಿಂಗ್ ಲೈಸನ್ಸು. 2003ರದು, 2023ರ ಮಾರ್ಚಿಗೆ ಮುಗಿದಿತ್ತು. ಅವಧಿ ಮುಗಿದ ಒಂದು ವರ್ಷದೊಳಗೆ ನವೀಕರಿಸಿದರೆ ಸರಿ, ದಾಟಿದರೆ ಮತ್ತೆ ಪರೀಕ್ಷೆ. ನಾನು ಎರಡು ತಿಂಗಳು ದಾಟಿದ್ದೆ. ಆ ನಡುವೆ ಅಪ್ಪನ ವರ್ಷಾಂತಿಕಕ್ಕೆ ಬಂದು ಇಪ್ಪತ್ತು ದಿನ ಇಲ್ಲೇ ಇದ್ದೆ, ಆಗ ಆಗಬಹುದಿತ್ತು. ಎಲ್‌ಎಲ್‌ಗೆ, ಅಂದರೆ ಕಲಿಯುವವರ ಲೈಸನ್ಸಿಗೆ ಪರೀಕ್ಷೆ, ಮೂವತ್ತು ದಿನ ಕಾಯುವುದು, ಆಮೇಲೆ ಟ್ರ್ಯಾಕ್ ಮೇಲೆ ಓಡಿಸಿ ತೋರಿಸುವುದು. ಅಲ್ಲಿ ರಸ್ತೆಯ ಬಲಕ್ಕೆ ಓಡಿಸಿದ ಕೈ, ಇಂಡಿಕೇಟರ್ ಹಾಕಲು ಹೋದರೆ ವೈಪರ್ ಆಡುತ್ತಿತ್ತು. ಕಲಿಸಿದ ಹುಡುಗ ತಾಳ್ಮೆಯವನು. "ಅಕ್ಕಾರ, ಹಾರ್ನ್ ಹೊಡೀರಿ. ಇಲ್ಲಾಂದ್ರ ನೀವು ಅದೀರಿ ಅಂತ ಅವರಿಗೆ ಹೆಂಗ ಗೊತ್ತಾಗಬೇಕು?" ಅಲ್ಲಿ ಹದಿಮೂರು ವರ್ಷದಲ್ಲಿ ನಾನು ಹಾರ್ನ್ ಒತ್ತಿದ್ದು ಬೆರಳೆಣಿಕೆಯಷ್ಟು, ಅದೂ ಜಗಳದ ಅರ್ಥದಲ್ಲಿ. ಇಲ್ಲಿ ಅದು "ಬಂದೆ, ಬಂದೆ" ಎಂಬ ಮಾತು. ಅದು ತಿಳಿದ ಮೇಲೆ ರಸ್ತೆಯ ಸದ್ದು ನನಗೆ ಮೊದಲಿನಷ್ಟು ಕಿರಿಕಿರಿ ಮಾಡಲಿಲ್ಲ.

ತೆರಿಗೆಯದು ಚಿಕ್ಕದಾಗಿ ಹೇಳಿಬಿಡುತ್ತೇನೆ. ಹಿಂದಿನ ಹತ್ತು ವರ್ಷಗಳಲ್ಲಿ ಒಂಬತ್ತು ವರ್ಷ ಅನಿವಾಸಿಯಾಗಿದ್ದವರಿಗೆ ಸಾಮಾನ್ಯವಾಗಿ ಮರಳಿದ ಮೊದಲೆರಡು ವರ್ಷ ಆರ್‌ಎನ್‌ಒಆರ್ ಎಂಬ, ಅನಿವಾಸಿ ಮತ್ತು ಪೂರ್ಣ ನಿವಾಸಿಯ ನಡುವಿನ ಸ್ಥಾನ ಸಿಗುತ್ತದೆ. ಆ ಕಾಲದಲ್ಲಿ ಅಲ್ಲಿಯ ಬಡ್ಡಿ, ಲಾಭಾಂಶಕ್ಕೆ ಇಲ್ಲಿ ತೆರಿಗೆ ಇಲ್ಲ. ನಿವೃತ್ತಿಗೆಂದು ಅಲ್ಲಿಯ ನೌಕರಿಯಲ್ಲಿ ಕೂಡಿಟ್ಟ 401(ಕೆ) ಹಣ ಮುರಿಯದೆ ಅಲ್ಲೇ ಬಿಟ್ಟಿದ್ದೇವೆ. ಪೂರ್ಣ ನಿವಾಸಿಗಳಾದ ಮೇಲೆ ಆಗ 10-ಇಇ ಎನ್ನುತ್ತಿದ್ದ ಫಾರ್ಮ್ ತುಂಬಿದರೆ ಆ ಖಾತೆಯ ಗಳಿಕೆಗೆ ತೆರಿಗೆಯನ್ನು ಹಣ ತೆಗೆಯುವ ಕಾಲಕ್ಕೆ ಮುಂದೂಡಬಹುದು ಎಂದು ನಮ್ಮ ಸಿ.ಎ. ವಿವರಿಸಿದರು. ಎರಡೂ ದೇಶದ ಕಾನೂನು ಬಲ್ಲವರನ್ನೇ ಹಿಡಿಯಿರಿ.

ಮಗಳದು ಅಮೆರಿಕದ ಪಾಸ್‌ಪೋರ್ಟ್, ಜೊತೆಗೆ ಭಾರತ ಮೂಲದ ವಿದೇಶಿಯರಿಗೆ ಕೊಡುವ ಓಸಿಐ ಕಾರ್ಡು. ವಿದೇಶಿ ಪಾಸ್‌ಪೋರ್ಟ್ ಇದ್ದವರಿಗೆ ಆಧಾರ್ ಸಿಗಬೇಕಾದರೆ ಹಿಂದಿನ ಹನ್ನೆರಡು ತಿಂಗಳಲ್ಲಿ 182 ದಿನ ಇಲ್ಲಿ ವಾಸ ಮಾಡಿರಬೇಕು. ಶಾಲೆಯವರು ಮೊದಲ ದಿನವೇ ಆಧಾರ್ ಕೇಳಿದರು. ಓಸಿಐ ಕಾರ್ಡು, ಅಪಾಸ್ಟಿಲ್ ಆದ ಜನನ ಪತ್ರ ಕೊಟ್ಟು "ಡಿಸೆಂಬರಿನಲ್ಲಿ ಅರ್ಜಿ ಹಾಕುತ್ತೇವೆ" ಎಂದು ಬರೆದುಕೊಟ್ಟ ಮೇಲೆ ಒಪ್ಪಿದರು. ನಾಲ್ಕನೇ ತರಗತಿಗೆ ಸೇರಿದಳು. ಮನೆಯಲ್ಲಿ ಕನ್ನಡ ಆಡುತ್ತಾಳೆ, ಓದಲು ಬಾರದು. ಅವ್ವ ಅಟ್ಟದಿಂದ ಅಪ್ಪನ ಕಾಲದ ಪಾಟಿ ಇಳಿಸಿ, ಒದ್ದೆ ಬಟ್ಟೆಯಿಂದ ಒರೆಸಿ, ದಿನಾ ಸಂಜೆ ಕಾಗುಣಿತ ಹಾಕಿಸಿದಳು. ಶಾಲೆಯ ಮಕ್ಕಳು ಮೊದಲು ಇವಳ ಇಂಗ್ಲಿಷಿಗೆ ನಕ್ಕರು, ಆಮೇಲೆ ಇವಳ ಕನ್ನಡಕ್ಕೆ ನಕ್ಕರು. ಅಜ್ಜಿಯಿಂದ ಫೋನಿನಲ್ಲಿ ಕಲಿತ ಕನ್ನಡವಾದ್ದರಿಂದ ಇವಳು "ಅಯ್ಯ ಶಿವನ!" ಅನ್ನುತ್ತಾಳೆ, "ಸೊಂಟ ಹಿಡದೈತಿ" ಅನ್ನುತ್ತಾಳೆ. ಎರಡು ವಾರ ಅಳುತ್ತ ಬಂದಳು. ಒಂದು ರಾತ್ರಿ "ಹೊಳ್ಳಿ ಯಾವಾಗ ಹೋಗೂದು?" ಎಂದು ಅವಳೇ ಕೇಳಿದಳು. ಉಳಿದವರಿಗೆಲ್ಲ ಕೊಟ್ಟ ಉತ್ತರ ಅವಳಿಗೆ ಕೊಡಲು ನನ್ನಿಂದ ಆಗಲಿಲ್ಲ. ಪಕ್ಕದಲ್ಲಿ ಮಲಗಿದೆ.

ನಮ್ಮ ಓಣಿಗೆ ನಳದ ನೀರು ಬರುವುದು ವಾರಕ್ಕೊಮ್ಮೆ, ಬಹಳ ಸಲ ನಡುರಾತ್ರಿ. ಯಾರ ಮನೆಯ ನಳ ಮೊದಲು ಸೀಟಿ ಹೊಡೆಯುತ್ತದೋ ಅವರು "ನೀರ ಬಂತ್ರೀ!" ಎಂದು ಕೂಗಬೇಕು. ಅಕ್ಟೋಬರಿನ ಒಂದು ರಾತ್ರಿ ಎರಡು ಗಂಟೆಗೆ ಆ ಕೂಗು ಕೇಳಿ ಎಚ್ಚರವಾಯಿತು. ದನಿ ನಮ್ಮ ಅಂಗಳದಿಂದಲೇ ಬಂದಿತ್ತು. ಮಗಳು ಬರಿಗಾಲಲ್ಲಿ ಗೇಟು ಹಿಡಿದು ನಿಂತು ಇಡೀ ಓಣಿಯನ್ನು ಎಬ್ಬಿಸುತ್ತಿದ್ದಳು. ದೀಪಗಳು ಒಂದೊಂದಾಗಿ ಹೊತ್ತಿದವು. ಮರುದಿನ ಶಾಲೆಗೆ ಹೋಗುವಾಗ ಅವಳಿಗೆ ಮೂರು ಮನೆಯಿಂದ ಗೆಳತಿಯರು ಕೂಡಿಕೊಂಡರು. ನವೆಂಬರಿನಲ್ಲಿ ಹುಬ್ಬಳ್ಳಿಗೆ ಹೋಗಲು ನಿಂತಿದ್ದಾಗ ಬಂದ ಬಸ್ಸಿನ ಮೈಮೇಲಿನ ಅಕ್ಷರವನ್ನು ಬೆರಳಿಟ್ಟು ಕೂಡಿಸಿದಳು, "ಚಿ... ಗ... ರಿ. ಚಿಗರಿ! ಅಮ್ಮಾ, ಜಿಂಕಿ!" ಅಕ್ಕಪಕ್ಕ ನಿಂತವರೆಲ್ಲ ತಿರುಗಿ ನೋಡಿ ನಕ್ಕರು, ಅವಳೂ ನಕ್ಕಳು. ಅವಳ ಆಧಾರ್ ಜನವರಿಯಲ್ಲಿ ಬಂತು.

ಕೊನೆಯ ಕಾಗದ, ನನ್ನ ಹೊಸ ಲೈಸನ್ಸು, ಅಂಚೆಯಲ್ಲಿ ಬಂದದ್ದು ಫೆಬ್ರವರಿ ಮೂರನೇ ವಾರ. ಅದೇ ಸಂಜೆ ಕಿರಾಣಿ ಅಂಗಡಿಗೆ ಹೋಗಿದ್ದೆ. ಬೆಲ್ಲ, ಚಹಾಪುಡಿ, ಸಾಬೂನು. ಸ್ಕ್ಯಾನ್ ಮಾಡಿದರೆ ಸರ್ವರ್ ತಿರುಗುತ್ತಲೇ ಇತ್ತು. ಪರ್ಸು ತಂದಿರಲಿಲ್ಲ. ಸಾಮಾನು ಇಟ್ಟು ಮನೆಗೆ ಹೋಗಿ ಬರುತ್ತೇನೆ ಎಂದೆ.

"ಇರ್ಲಿ ಬಿಡ್ರಿ. ಬರ್ಕೋತೇನಿ."

ಗಲ್ಲೆಯ ಕೆಳಗಿನಿಂದ ಕೆಂಪು ರಟ್ಟಿನ ಉದ್ರಿ ಪುಸ್ತಕ ತೆಗೆದರು. ಹೊಸ ಪುಟ ತಿರುಗಿಸಿದರು. ನನ್ನ ನಾಲ್ಕು ಹೆಸರಲ್ಲಿ ಯಾವುದನ್ನು ಹೇಳಲಿ ಎಂದು ನಾನು ಯೋಚಿಸುತ್ತಿದ್ದೆ. ಅವರು ಕೇಳಲಿಲ್ಲ. ಮೇಲೆ "ಮಾಸ್ತರ ಮಗಳು" ಎಂದು ಬರೆದರು, ಅದರ ಕೆಳಗೆ ತಾರೀಖು, 186 ರೂಪಾಯಿ. ಪುಸ್ತಕ ಮುಚ್ಚಿ ತಕ್ಕಡಿ ಕಡೆಗೆ ತಿರುಗಿದರು.

"ಈ ವರ್ಷದ ಹೊಸಾ ತೊಗರಿಬ್ಯಾಳಿ ಬಂದೈತ್ರಿ. ಐದ ಕಿಲೋ ಕಟ್ಲೇನು?"